ಕೋಬಾಲ್‌ನಿಂದ ಜಾವಾಗೆ: ಬಡ್ಡಿಯ ಲೆಕ್ಕ ಯಾರ ಬಳಿ ಇರಬೇಕು?

ಪ್ರಶ್ನೆ: ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿದ್ದುಕೊಂಡು ವಿದೇಶಿ ಬ್ಯಾಂಕೊಂದರ ಮೇನ್‌ಫ್ರೇಮ್ (ದೊಡ್ಡ ಕೇಂದ್ರ ಕಂಪ್ಯೂಟರ್) ಪ್ರೋಗ್ರಾಂಗಳನ್ನು ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿ ಬರೆಯುತ್ತ, ತಿದ್ದುತ್ತ ಬಂದಿದ್ದೇನೆ. ಈಗ ನಮ್ಮ ತಂಡ ಜಾವಾ ಭಾಷೆಗೆ ಹೊರಳುತ್ತಿದೆ. ಆರು ವಾರಗಳ ತರಬೇತಿ ಮುಗಿಯಿತು. ಭಾಷೆಯ ವ್ಯಾಕರಣ ಕಷ್ಟವೆನಿಸಲಿಲ್ಲ. ಆದರೆ ನಾನು ಬರೆದ ಮೊದಲ ಪ್ರೋಗ್ರಾಂ ನೋಡಿದ ಕಿರಿಯ ಸಹೋದ್ಯೋಗಿ, "ಇದು ಜಾವಾ ಅಲ್ಲ ಸರ್, ಜಾವಾದಲ್ಲಿ ಬರೆದ ಕೋಬಾಲ್" ಎಂದರು. ಬೇರೆಯವರ ಪ್ರೋಗ್ರಾಂ ಓದುವಾಗಲಂತೂ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೇ ಕಾಣುವುದಿಲ್ಲ. ಹಳೆಯದನ್ನೆಲ್ಲ ಮರೆತು ಕಲಿಯಬೇಕೇ? ಮೊದಲು ಪೈಥಾನ್ ಕಲಿತರೆ ಸುಲಭವಾದೀತೇ?

ಉತ್ತರ: ಮರೆಯಬೇಕಾದದ್ದು ಬಹಳ ಕಡಿಮೆ. ನಿಮ್ಮ ತೊಡಕು ಎಲ್ಲಿದೆ ಎಂಬುದನ್ನು ನಿಮ್ಮ ಪ್ರಶ್ನೆಯೇ ಹೇಳುತ್ತಿದೆ: "ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ." ಕೋಬಾಲ್ ಪ್ರೋಗ್ರಾಂ ಓದುವಾಗ ನಾವು ಆದೇಶಗಳಿರುವ ಪ್ರೊಸೀಜರ್ ಡಿವಿಷನ್‌ನ ಮೊದಲ ಪ್ಯಾರಾಗ್ರಾಫನ್ನು ಹಿಡಿದು, ಬೇರೆ ಪ್ಯಾರಾಗ್ರಾಫನ್ನು ಓಡಿಸುವ ಒಂದೊಂದು ಪರ್ಫಾರ್ಮ್‌ನ ಬೆನ್ನು ಹತ್ತಿ ಹೋಗಿ, ಅಲ್ಲಿಂದ ಮರಳಿ ಬಂದು, ಕೊನೆಗೆ ಪ್ರೋಗ್ರಾಂ ನಿಲ್ಲಿಸುವ ಸ್ಟಾಪ್ ರನ್ ತಲುಪುತ್ತೇವೆ. ಇಡೀ ಪ್ರೋಗ್ರಾಂ ಕೆಲಸಗಳ ಒಂದು ಸರಣಿ. ದತ್ತಾಂಶವೆಲ್ಲ ಮೇಲೆ ಡೇಟಾ ಡಿವಿಷನ್‌ನಲ್ಲಿ ಸಾಲಾಗಿ ನಿಂತಿರುತ್ತದೆ ಮತ್ತು ಆ ಪ್ರೋಗ್ರಾಂನ ಯಾವ ಪ್ಯಾರಾಗ್ರಾಫ್ ಬೇಕಾದರೂ ಅದನ್ನು ಮುಟ್ಟಬಹುದು. ಜಾವಾದಂಥ ಭಾಷೆಯಲ್ಲಿ ಚೆನ್ನಾಗಿ ಬರೆದ ಪ್ರೋಗ್ರಾಂ ಎದುರಾದಾಗ "ಮುಂದೇನು ನಡೆಯುತ್ತದೆ" ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, "ಈ ಮಾಹಿತಿ ಯಾರ ಸುಪರ್ದಿಯಲ್ಲಿದೆ, ಇದರ ಬಗ್ಗೆ ಯಾರು ಉತ್ತರ ಕೊಡಬೇಕು" ಎಂದು ಮೊದಲು ಕೇಳಬೇಕು. ಈ ಪ್ರಶ್ನೆ ಅಭ್ಯಾಸವಾದ ದಿನ ನಿಮ್ಮ ಕಲಿಕೆಯ ಕಠಿಣ ಭಾಗ ಮುಗಿದಂತೆ. ಈ ದಾರಿಯಲ್ಲಿ ನಾನೂ ನಡೆದಿದ್ದೇನೆ, ಹಲವರನ್ನು ನಡೆಸಿಯೂ ಇದ್ದೇನೆ; ವ್ಯಾಕರಣದಲ್ಲಿ ಎಡವಿದವರನ್ನು ನಾನು ಹೆಚ್ಚು ಕಂಡಿಲ್ಲ, ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ವರ್ಷಗಟ್ಟಲೆ ಕಷ್ಟಪಟ್ಟವರನ್ನು ಬಹಳ ಕಂಡಿದ್ದೇನೆ.

ನಿಮಗೆ ಈಗಾಗಲೇ ಗೊತ್ತಿರುವ ಒಂದು ಸಂಗತಿಯಿಂದ ಶುರು ಮಾಡೋಣ. ಕೋಬಾಲ್‌ನಲ್ಲಿ ಕಾಲ್ ಮಾಡಿದ (ಕರೆದ) ಉಪಪ್ರೋಗ್ರಾಂ ತನ್ನ ದತ್ತಾಂಶದ ಜಾಗವಾದ ವರ್ಕಿಂಗ್ ಸ್ಟೋರೇಜ್‌ನಲ್ಲಿರುವ ಮೌಲ್ಯಗಳನ್ನು ಮುಂದಿನ ಕಾಲ್‌ವರೆಗೂ ಉಳಿಸಿಕೊಂಡಿರುತ್ತದೆ. ಅದನ್ನು ಕ್ಯಾನ್ಸಲ್ ಮಾಡಿದರೆ, ಇಲ್ಲವೇ ಇನಿಷಿಯಲ್ ಎಂದು ಘೋಷಿಸಿದ್ದರೆ ಮಾತ್ರ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಕಾಲ್ ಮಾಡಿದ ಪ್ರೋಗ್ರಾಂಗೆ ಆ ಒಳಗಿನ ಮೌಲ್ಯಗಳು ಕಾಣುವುದಿಲ್ಲ. ಲಿಂಕೇಜ್ ಸೆಕ್ಷನ್ ಮೂಲಕ ಕೊಟ್ಟದ್ದು, ಪಡೆದದ್ದು ಮಾತ್ರ ಅದಕ್ಕೆ ಗೊತ್ತು. ಅಂದರೆ ತನ್ನದೇ ನೆನಪನ್ನು ಒಳಗಿಟ್ಟುಕೊಂಡು, ಹೊರಗಿನವರಿಗೆ ಒಂದು ಬಾಗಿಲನ್ನಷ್ಟೇ ತೆರೆದಿರುವ ಘಟಕವನ್ನು ನೀವು ಇಪ್ಪತ್ತೆರಡು ವರ್ಷಗಳಿಂದ ಬಳಸುತ್ತಲೇ ಇದ್ದೀರಿ. ಆಬ್ಜೆಕ್ಟ್ ಎಂದರೆ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಎರಡೇ. ಕೋಬಾಲ್‌ನಲ್ಲಿ ಅಂಥ ಉಪಪ್ರೋಗ್ರಾಂನ ನೆನಪು ಒಂದೇ ಪ್ರತಿ. ಸಾವಿರ ಖಾತೆಗಳಿಗೆ ಸಾವಿರ ಪ್ರತ್ಯೇಕ ನೆನಪು ಬೇಕೆಂದರೆ ನೀವೇ ಟೇಬಲ್ ಕಟ್ಟಿ, ಸಬ್‌ಸ್ಕ್ರಿಪ್ಟ್ ಹಿಡಿದು ನಿಭಾಯಿಸಬೇಕು. ಜಾವಾದಲ್ಲಿ ಕ್ಲಾಸ್ ಎಂಬ ಅಚ್ಚನ್ನು ಒಮ್ಮೆ ಬರೆದರೆ ಅದರಿಂದ ಎಷ್ಟು ಬೇಕಾದರೂ ಆಬ್ಜೆಕ್ಟ್ ತೆಗೆಯಬಹುದು, ಪ್ರತಿಯೊಂದಕ್ಕೂ ಅದರದೇ ನೆನಪು. ಎರಡನೆಯದು, ಉಪಪ್ರೋಗ್ರಾಂಗೆ ಸಾಮಾನ್ಯವಾಗಿ ಒಂದೇ ಬಾಗಿಲು. ಬೇರೆ ಬೇರೆ ಕೆಲಸ ಹೇಳಬೇಕಾದರೆ ಫಂಕ್ಷನ್ ಕೋಡ್ ಕಳಿಸಿ ಒಳಗೆ ಇವ್ಯಾಲ್ಯುಯೇಟ್ (ಕೋಡ್ ನೋಡಿ ದಾರಿ ಆರಿಸುವ ಆದೇಶ) ಹಾಕುತ್ತೇವೆ. ಆಬ್ಜೆಕ್ಟ್‌ಗೆ ಹಲವು ಬಾಗಿಲುಗಳಿರಬಹುದು, ಒಂದೊಂದಕ್ಕೂ ಒಂದು ಹೆಸರು. ಆ ಬಾಗಿಲುಗಳೇ ಮೆಥಡ್‌ಗಳು.

ಈ ಯೋಚನೆ ಬ್ಯಾಂಕಿನ ಲೆಕ್ಕಕ್ಕಾಗಿ ಹುಟ್ಟಿದ್ದಲ್ಲ. ನಾರ್ವೆಯ ಓಸ್ಲೋದ ಕಂಪ್ಯೂಟಿಂಗ್ ಕೇಂದ್ರದಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ 1960ರ ದಶಕದಲ್ಲಿ ಸಿಮ್ಯುಲಾ ಎಂಬ ಭಾಷೆಯನ್ನು ಕಟ್ಟಿದರು. ಸರತಿ ಸಾಲು, ಅದರಲ್ಲಿ ನಿಂತವರು, ಸೇವೆ ಕೊಡುವವರು ಇವೆಲ್ಲ ಏಕಕಾಲಕ್ಕೆ ತಮ್ಮ ತಮ್ಮ ಸ್ಥಿತಿಯನ್ನು ಹೊತ್ತು ಬದುಕುವ ವ್ಯವಸ್ಥೆಯನ್ನು ಅನುಕರಿಸುವುದು ಅವರ ಉದ್ದೇಶವಾಗಿತ್ತು. ಅಂಥಲ್ಲಿ ಒಂದೇ ಸರಣಿಯಾಗಿ ಬರೆಯಹೊರಟರೆ ಪ್ರೋಗ್ರಾಂ ಕೈಗೆ ಸಿಗುವುದಿಲ್ಲ. 1967ರ ಸಿಮ್ಯುಲಾದಲ್ಲಿ ಕ್ಲಾಸ್, ಆಬ್ಜೆಕ್ಟ್, ಆನುವಂಶಿಕತೆ (ಒಂದು ಕ್ಲಾಸ್ ಇನ್ನೊಂದರದನ್ನು ಬಳುವಳಿಯಾಗಿ ಪಡೆಯುವುದು) ಮೂರೂ ಇದ್ದವು. ಕೋಬಾಲ್‌ನ ಮೊದಲ ವಿವರಣೆ ಹೊರಬಂದದ್ದು 1960ರಲ್ಲಿ ಎಂಬುದನ್ನು ನೆನೆದರೆ, ನಾವು ಹಳತು ಮತ್ತು ಹೊಸತು ಎನ್ನುವ ಎರಡಕ್ಕೂ ವಯಸ್ಸಿನ ಅಂತರ ಏಳೇ ವರ್ಷ. ಕೋಬಾಲ್‌ಗೂ 2002ರ ಮಾನಕದಲ್ಲಿ ಆಬ್ಜೆಕ್ಟ್‌ಗಳು ಬಂದಿವೆ. ಹೆಚ್ಚಿನ ಮೇನ್‌ಫ್ರೇಮ್ ತಂಡಗಳು ಅವನ್ನು ಬಳಸಲಿಲ್ಲ ಅಷ್ಟೆ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನೀವು ವಿದೇಶಿ ಬ್ಯಾಂಕಿನ ಕೆಲಸ ಮಾಡುತ್ತಿದ್ದರೂ ನಮ್ಮ ಉಳಿತಾಯ ಖಾತೆಯನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ನಿಯಮ ನಮ್ಮ ಕಣ್ಣೆದುರೇ ಬದಲಾಯಿತು. 2010ರ ಮಾರ್ಚ್‌ವರೆಗೆ ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಶಿಲ್ಕಿನ ಮೇಲೆ ಬಡ್ಡಿ ಕೊಡುತ್ತಿದ್ದರು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2010ರ ಏಪ್ರಿಲ್ 1ರಿಂದ ಪ್ರತಿದಿನದ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುವ ಪದ್ಧತಿ ಬಂತು. ಆಗ ಬಡ್ಡಿ ದರ ಶೇಕಡಾ 3.5. ಏಪ್ರಿಲ್ ತಿಂಗಳಲ್ಲಿ ಒಬ್ಬರ ಖಾತೆಯಲ್ಲಿ 27ನೇ ತಾರೀಖಿನವರೆಗೆ 50,000 ರೂಪಾಯಿ ಇದ್ದು, 28ರಂದು 45,000 ತೆಗೆದು, ಕೊನೆಯ ಮೂರು ದಿನ 5,000 ಮಾತ್ರ ಉಳಿದಿತ್ತು ಎಂದುಕೊಳ್ಳಿ. ಹಳೆಯ ನಿಯಮದಲ್ಲಿ ಆ ತಿಂಗಳಿಗೆ ಸಿಗುವುದು 5,000ದ ಮೇಲಿನ ಬಡ್ಡಿ, ಸುಮಾರು 14 ರೂಪಾಯಿ 58 ಪೈಸೆ. ಹೊಸ ನಿಯಮದಲ್ಲಿ 27 ದಿನ 50,000 ಮತ್ತು 3 ದಿನ 5,000, ಒಟ್ಟು ಗುಣಲಬ್ಧ 13,65,000. ಅದಕ್ಕೆ ಸಿಗುವ ಬಡ್ಡಿ ಸುಮಾರು 130 ರೂಪಾಯಿ 89 ಪೈಸೆ.

ಈ ಬದಲಾವಣೆಯನ್ನು ಪ್ರೋಗ್ರಾಂ ಬರೆಯುವವರ ಕಣ್ಣಿನಿಂದ ನೋಡಿ. ಬದಲಾದದ್ದು ಸೂತ್ರ ಮಾತ್ರವಾಗಿದ್ದರೆ ಒಂದು ಕಂಪ್ಯೂಟ್ ವಾಕ್ಯವನ್ನು ತಿದ್ದಿ ಮುಗಿಸಬಹುದಿತ್ತು. ಆದರೆ ಹಳೆಯ ನಿಯಮಕ್ಕೆ ಖಾತೆಯ ರೆಕಾರ್ಡ್‌ನಲ್ಲಿ "ತಿಂಗಳ ಕನಿಷ್ಠ ಶಿಲ್ಕು" ಎಂಬ ಒಂದು ಫೀಲ್ಡ್ ಸಾಕಾಗಿತ್ತು. ಹೊಸ ನಿಯಮಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ, ದಿನದಿನದ ಗುಣಲಬ್ಧದ ಮೊತ್ತ ಬೇಕು. ದತ್ತಾಂಶದ ಆಕಾರವೇ ಬದಲಾಯಿತು. ಆ ಫೀಲ್ಡ್ ಒಂದು ಕಾಪಿಬುಕ್‌ನಲ್ಲಿದ್ದು (ಹಲವು ಪ್ರೋಗ್ರಾಂಗಳಿಗೆ ಸೇರಿಸುವ ದತ್ತಾಂಶ ವಿವರಣೆಯ ಫೈಲು), ಆ ಕಾಪಿಬುಕ್ ನೂರಾರು ಪ್ರೋಗ್ರಾಂಗಳಲ್ಲಿ ಸೇರಿದ್ದು, ಅವುಗಳಲ್ಲಿ ಪಾಸ್‌ಬುಕ್ ಮುದ್ರಿಸುವುದು, ಖಾತೆ ಮುಚ್ಚುವಾಗ ಬಡ್ಡಿ ತೀರಿಸುವುದು, ಅರ್ಧವಾರ್ಷಿಕ ಬಡ್ಡಿ ಜಮೆ ಮಾಡುವುದು ಎಲ್ಲವೂ ಆ ಫೀಲ್ಡ್‌ಗೆ ನೇರವಾಗಿ ಕೈ ಹಾಕಿದ್ದರೆ, ಪ್ರತಿಯೊಂದನ್ನೂ ಹುಡುಕಿ ತಿದ್ದಬೇಕು. ನಿಮ್ಮ ಹಿರಿಯರು 2000ನೇ ಇಸವಿಗೆ ಮುಂಚೆ ಎರಡಂಕಿಯ ವರ್ಷವನ್ನು ನಾಲ್ಕಂಕಿಗೆ ಬದಲಿಸುವಾಗ ಪಟ್ಟ ಪಾಡಿನ ಮೂಲವೂ ಇದೇ. ಎರಡಂಕಿ ಬಳಸಿದ್ದು ಒಂದು ತೀರ್ಮಾನ; ಆ ತೀರ್ಮಾನ ಎಲ್ಲ ಪ್ರೋಗ್ರಾಂಗಳಿಗೂ ಗೊತ್ತಿತ್ತು ಎಂಬುದೇ ಕಷ್ಟಕ್ಕೆ ಕಾರಣ.

ಇನ್ನು ಇದೇ ಖಾತೆ ಜಾವಾದ ಒಂದು ಕ್ಲಾಸ್ ಆಗಿದ್ದು, ಶಿಲ್ಕು, ಕನಿಷ್ಠ ಶಿಲ್ಕು ಮೊದಲಾದ ಫೀಲ್ಡ್‌ಗಳನ್ನೆಲ್ಲ ಪ್ರೈವೇಟ್ (ಹೊರಗಿನವರು ಮುಟ್ಟಲಾಗದಂತೆ) ಮಾಡಿ, ಹೊರಗಿನವರಿಗೆ "ಇಷ್ಟು ಜಮೆ ಮಾಡಿಕೊ", "ಇಷ್ಟು ಕೊಡು", "ಈ ತಾರೀಖಿನವರೆಗೆ ಎಷ್ಟು ಬಡ್ಡಿ ಆಗಿದೆ ಹೇಳು" ಎಂಬ ಮೂರು ಮೆಥಡ್‌ಗಳನ್ನಷ್ಟೇ ಕೊಟ್ಟಿದೆ ಎಂದುಕೊಳ್ಳಿ. ಪಾಸ್‌ಬುಕ್ ಮುದ್ರಿಸುವ ಕ್ಲಾಸ್‌ಗೆ ಬಡ್ಡಿ ಎಷ್ಟು ಎಂಬ ಉತ್ತರ ಬೇಕು, ಲೆಕ್ಕ ಹೇಗೆ ಬಂತು ಎಂಬುದು ಅದಕ್ಕೆ ಬೇಡ. ನಿಯಮ ಬದಲಾದಾಗ ಖಾತೆಯ ಕ್ಲಾಸ್‌ನ ಒಳಗನ್ನು ತಿದ್ದುತ್ತೀರಿ. ಕೇಳುವವರ ಮಾತು ಹಾಗೆಯೇ ಇರುತ್ತದೆ. ಈ ಸೂತ್ರವನ್ನು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರ ಒಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಮಂಡಿಸಿದರು. ಫ್ಲೋಚಾರ್ಟ್ ಬರೆದು ಅದರ ಒಂದೊಂದು ಹಂತವನ್ನು ಒಂದೊಂದು ಘಟಕ ಮಾಡುವ ರೂಢಿ ಹೆಚ್ಚುಕಡಿಮೆ ಯಾವಾಗಲೂ ತಪ್ಪು ದಾರಿ ಹಿಡಿಸುತ್ತದೆ, ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಪಟ್ಟಿ ಮಾಡಿ ಒಂದೊಂದನ್ನು ಒಂದೊಂದು ಘಟಕದೊಳಗೆ ಬಚ್ಚಿಡಬೇಕು ಎಂಬುದು ಅವರ ವಾದ. ಆನುವಂಶಿಕತೆ, ಬಹುರೂಪತೆ (ಒಂದೇ ಕರೆಗೆ ಒಂದೊಂದು ಆಬ್ಜೆಕ್ಟ್ ತನ್ನದೇ ರೀತಿಯಲ್ಲಿ ಉತ್ತರಿಸುವುದು) ಎಂಬ ದೊಡ್ಡ ಪದಗಳಿಗಿಂತ ಮೊದಲು ಈ ಒಂದು ಮಾತು ನಿಮ್ಮ ಮನಸ್ಸಿನಲ್ಲಿ ನೆಲೆ ನಿಂತರೆ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಸಹೋದ್ಯೋಗಿ ಹೇಳಿದ "ಜಾವಾದಲ್ಲಿ ಬರೆದ ಕೋಬಾಲ್" ಹೇಗಿರುತ್ತದೆ ಎಂಬುದನ್ನು ನಾನು ಊಹಿಸಬಲ್ಲೆ; ಈ ವೃತ್ತಿಯಲ್ಲಿ ಅದಕ್ಕೆ ಜೋಬಾಲ್ ಎಂಬ ಹೆಸರೇ ಇದೆ. ಒಂದು ಕಡೆ ಖಾತೆ ಎಂಬ ಕ್ಲಾಸ್. ಅದರಲ್ಲಿ ಮೂವತ್ತು ಫೀಲ್ಡ್, ಪ್ರತಿಯೊಂದಕ್ಕೂ ಅದನ್ನು ಓದಿ ಹೇಳುವ ಒಂದು ಗೆಟರ್, ಅದನ್ನು ಬದಲಿಸುವ ಒಂದು ಸೆಟರ್. ಇನ್ನೊಂದು ಕಡೆ ಪ್ರೊಸೆಸರ್ ಎಂದು ಕೊನೆಗೊಳ್ಳುವ ಹೆಸರಿನ ಎರಡು ಸಾವಿರ ಸಾಲಿನ ಕ್ಲಾಸ್. ಅದರ ಮೆಥಡ್‌ಗಳೆಲ್ಲ ಸ್ಟ್ಯಾಟಿಕ್ (ಆಬ್ಜೆಕ್ಟ್ ಇಲ್ಲದೆಯೇ ಓಡುವಂಥವು). ಮೊದಲನೆಯದು ಕಾಪಿಬುಕ್, ಎರಡನೆಯದು ಪ್ರೊಸೀಜರ್ ಡಿವಿಷನ್. ಫೀಲ್ಡ್‌ಗಳನ್ನು ಪ್ರೈವೇಟ್ ಮಾಡಿದ್ದೇನಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು: ಶಿಲ್ಕಿಗೆ ಒಂದು ಸೆಟರ್ ಇಟ್ಟರೆ ಯಾರು ಬೇಕಾದರೂ ಅದಕ್ಕೆ ಮೂವ್ ಮಾಡಬಹುದು (ಬೇಕಾದ ಸಂಖ್ಯೆ ತುಂಬಬಹುದು) ಎಂದೇ ಅರ್ಥ. ಬ್ಯಾಂಕಿನಲ್ಲಿ ಯಾರೂ ಶಿಲ್ಕನ್ನು ಬರೆದು ಇಡುವುದಿಲ್ಲ. ಜಮೆ ಅಥವಾ ಖರ್ಚು ಆದಾಗ ಅದು ಬದಲಾಗುತ್ತದೆ. ಆದ್ದರಿಂದ ಸೆಟರ್ ತೆಗೆದುಹಾಕಿ, ಆ ಜಾಗದಲ್ಲಿ ಜಮೆ, ಖರ್ಚು ಎಂಬ ಮೆಥಡ್‌ಗಳನ್ನು ಇಡಿ. ತಡೆಹಿಡಿದ ಖಾತೆಯಿಂದ ಹಣ ತೆಗೆಯಬಾರದು ಎಂಬ ಪರೀಕ್ಷೆ ಆ ಖರ್ಚಿನ ಮೆಥಡ್‌ನೊಳಗೆ ಒಂದೇ ಕಡೆ ಇರಲಿ. ನೀವು ಕಾಪಿಬುಕ್‌ನಲ್ಲಿ ಸ್ಥಿತಿಯ ಫೀಲ್ಡ್ ಕೆಳಗೆ 88ರ ಲೆವೆಲ್‌ನಲ್ಲಿ "ಖಾತೆ ತಡೆಹಿಡಿದಿದೆ" ಎಂಬ ಹೆಸರು ಕೊಡುತ್ತಿದ್ದಿರಲ್ಲ, ಅದು ಇದೇ ದಿಕ್ಕಿನ ಹೆಜ್ಜೆ: ಆ ಸ್ಥಿತಿಯನ್ನು ಸೂಚಿಸುವ 'ಎಫ್' ಎಂಬ ಅಕ್ಷರವನ್ನು ಮರೆಮಾಡಿ ಅರ್ಥವನ್ನು ಮಾತ್ರ ಹೊರಗಿಟ್ಟಿರಿ. ಅದನ್ನೇ ಒಂದು ಹೆಜ್ಜೆ ಮುಂದೆ ಒಯ್ಯಬೇಕು.

ಬಹುರೂಪತೆಯೂ ನಿಮಗೆ ಇವ್ಯಾಲ್ಯುಯೇಟ್ ಮೂಲಕವೇ ತಿಳಿಯುತ್ತದೆ. ಉಳಿತಾಯ ಖಾತೆಯಾದರೆ ಹೀಗೆ, ನಿಶ್ಚಿತ ಠೇವಣಿಯಾದರೆ ಹಾಗೆ, ಆವರ್ತ ಠೇವಣಿಯಾದರೆ ಇನ್ನೊಂದು ರೀತಿ, ಚಾಲ್ತಿ ಖಾತೆಗೆ ಬಡ್ಡಿಯೇ ಇಲ್ಲ ಎಂದು ವ್ಹೆನ್ ಮೇಲೆ ವ್ಹೆನ್ ಬರೆಯುತ್ತೇವೆ. ಇಂಥ ಇವ್ಯಾಲ್ಯುಯೇಟ್ ಒಂದೇ ಕಡೆ ಇದ್ದರೆ ಯಾವ ತೊಂದರೆಯೂ ಇಲ್ಲ, ಜಾವಾದಲ್ಲೂ ಅದನ್ನು ಹಾಗೆಯೇ ಬಿಡಿ. ಅದೇ ಖಾತೆ ಪ್ರಕಾರದ ಮೇಲೆ ಹನ್ನೆರಡು ಕಡೆ ಇವ್ಯಾಲ್ಯುಯೇಟ್ ಇದ್ದು, ಹೊಸ ಬಗೆಯ ಠೇವಣಿ ಬಂದಾಗ ಹನ್ನೆರಡರಲ್ಲಿ ಹನ್ನೊಂದನ್ನು ತಿದ್ದಿ ಒಂದನ್ನು ಮರೆತಾಗ ತೊಂದರೆ. ಆಗ ಬಡ್ಡಿ ನಿಯಮ ಎಂಬ ಇಂಟರ್‌ಫೇಸ್ (ಯಾವ ಮೆಥಡ್‌ಗಳಿರಬೇಕು ಎಂಬ ಒಪ್ಪಂದ) ಬರೆದು, ದಿನದ ಶಿಲ್ಕಿನ ನಿಯಮ, ಚಕ್ರಬಡ್ಡಿಯ ನಿಯಮ, ಬಡ್ಡಿರಹಿತ ನಿಯಮ ಎಂದು ಒಂದೊಂದಕ್ಕೆ ಒಂದು ಕ್ಲಾಸ್ ಮಾಡಿ, ಖಾತೆಯೊಳಗೆ ಸೂಕ್ತವಾದದ್ದನ್ನು ಇರಿಸಿದರೆ ಕೇಳುವವರು ಖಾತೆಯ ಪ್ರಕಾರವನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ಆನುವಂಶಿಕತೆಯ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬೇಕು. ತರಗತಿಗಳಲ್ಲಿ ಪ್ರಾಣಿ ಎಂಬ ಕ್ಲಾಸ್, ಅದರ ಕೆಳಗೆ ನಾಯಿ, ಬೆಕ್ಕು ಎಂದು ಕಲಿಸುವುದರಿಂದ ಇದೇ ಈ ಪದ್ಧತಿಯ ಹೃದಯ ಎಂಬ ಭಾವನೆ ಹುಟ್ಟುತ್ತದೆ. ಖಾತೆ ಸಂಖ್ಯೆ, ಹೆಸರು, ಬಡ್ಡಿ ಇವೆಲ್ಲ ಎರಡರಲ್ಲೂ ಇವೆಯೆಂದು ನಿಶ್ಚಿತ ಠೇವಣಿಯನ್ನು ಉಳಿತಾಯ ಖಾತೆಯ ಮಗುವಾಗಿ ಮಾಡಿದರೆ, ಬೇಕಾದಾಗ ಹಣ ತೆಗೆಯುವ ಮೆಥಡ್ ಕೂಡ ಅದಕ್ಕೆ ಬಳುವಳಿಯಾಗಿ ಬರುತ್ತದೆ, ಮತ್ತು ಅದನ್ನು ತಡೆಯಲು ನೀವು ಇನ್ನಷ್ಟು ಬರೆಯಬೇಕಾಗುತ್ತದೆ. ಫೀಲ್ಡ್‌ಗಳು ಒಂದೇ ಎಂಬುದು ನೆಂಟಸ್ತನಕ್ಕೆ ಕಾರಣವಲ್ಲ. ಮೊದಲ ಆರು ತಿಂಗಳು ನೀವಾಗಿಯೇ ಯಾವ ಕ್ಲಾಸನ್ನೂ ಇನ್ನೊಂದರಿಂದ ವಿಸ್ತರಿಸದೆ, ಇಂಟರ್‌ಫೇಸ್‌ಗಳಿಂದ ಮತ್ತು ಒಂದು ಆಬ್ಜೆಕ್ಟ್‌ನೊಳಗೆ ಇನ್ನೊಂದನ್ನು ಇಟ್ಟುಕೊಳ್ಳುವುದರಿಂದಲೇ ಕೆಲಸ ಸಾಗಿಸಿ ಎಂದು ನಾನು ಸಲಹೆ ಕೊಡುತ್ತೇನೆ.

ಇನ್ನು ಕೋಬಾಲ್‌ನವರು ಖಂಡಿತವಾಗಿ ಕಾಲು ಸಿಕ್ಕಿಸಿಕೊಳ್ಳುವ ಮೂರು ಜಾಗಗಳಿವೆ. ಮೊದಲನೆಯದರಲ್ಲಿ ನಾನೇ ಎರಡು ದಿನ ಕಳೆದಿದ್ದೇನೆ. ಫೈಲಿನಿಂದ ಗ್ರಾಹಕರ ವಿವರ ಓದಿ ಒಂದು ಪಟ್ಟಿಗೆ ಸೇರಿಸುವ ಸಣ್ಣ ಪ್ರೋಗ್ರಾಂ ಅದು. ಓದುವ ಲೂಪ್‌ನ ಹೊರಗೆ ಒಂದು ಗ್ರಾಹಕ ಆಬ್ಜೆಕ್ಟ್ ಸೃಷ್ಟಿಸಿ, ಪ್ರತಿ ಸಾಲು ಓದಿದಾಗಲೂ ಅದನ್ನೇ ತುಂಬಿಸಿ ಪಟ್ಟಿಗೆ ಸೇರಿಸಿದೆ. ಮುದ್ರಿಸಿ ನೋಡಿದರೆ ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಹೆಸರು, ಕೊನೆಯ ಗ್ರಾಹಕರದು. ಕೋಬಾಲ್‌ನಲ್ಲಿ ರೆಕಾರ್ಡ್ ಜಾಗ ಒಂದೇ ಇರುತ್ತದೆ, ರೀಡ್ ಅದನ್ನು ತುಂಬಿಸುತ್ತದೆ, ನಾವು ಅಲ್ಲಿಂದ ಟೇಬಲ್‌ಗೆ ಮೂವ್ ಮಾಡುತ್ತೇವೆ, ಮೂವ್ ಎಂದರೆ ನಕಲು. ಜಾವಾದಲ್ಲಿ ಆಬ್ಜೆಕ್ಟನ್ನು ಪಟ್ಟಿಗೆ ಸೇರಿಸಿದಾಗ, ಅಥವಾ ಒಂದು ಹೆಸರಿನಿಂದ ಇನ್ನೊಂದಕ್ಕೆ ಕೊಟ್ಟಾಗ ನಕಲಾಗುವುದು ಅದರ ವಿಳಾಸ ಮಾತ್ರ. ನನ್ನ ಪಟ್ಟಿಯ ಎಲ್ಲ ಸ್ಥಾನಗಳೂ ಒಂದೇ ಮನೆಯ ವಿಳಾಸವನ್ನು ಹಿಡಿದಿದ್ದವು. ಆಬ್ಜೆಕ್ಟ್ ಸೃಷ್ಟಿಸುವ ಸಾಲನ್ನು ಲೂಪ್‌ನ ಒಳಗೆ ತಂದಾಗ ಎಲ್ಲ ಸರಿಹೋಯಿತು.

ಎರಡನೆಯದು ಹಣದ ಲೆಕ್ಕ. ಕಾಂಪ್-3 ಎಂದು ಬರೆದ ದಶಮಾಂಶ ಫೀಲ್ಡ್‌ನಲ್ಲಿ ಪೈಸೆ ಎಂದೂ ತಪ್ಪುತ್ತಿರಲಿಲ್ಲ. ಜಾವಾದ ಡಬಲ್ ಎಂಬ ಸಂಖ್ಯೆಯ ಬಗೆ ಎರಡರ ಘಾತಗಳಲ್ಲಿ ಸಂಖ್ಯೆಯನ್ನಿಡುವುದರಿಂದ 0.1 ಎಂಬುದನ್ನೂ ನಿಖರವಾಗಿ ಇಡಲಾರದು. ಹಣಕ್ಕೆ ಅದನ್ನು ಎಂದಿಗೂ ಬಳಸಬೇಡಿ. ನಿಖರ ದಶಮಾಂಶ ಸಂಖ್ಯೆಗಳ ಕ್ಲಾಸ್ ಆದ ಬಿಗ್‌ಡೆಸಿಮಲ್ ಬಳಸಿ, ಅದನ್ನೂ ಡಬಲ್‌ನಿಂದ ಸೃಷ್ಟಿಸದೆ ಅಕ್ಷರರೂಪದ ಸಂಖ್ಯೆಯಿಂದ ಸೃಷ್ಟಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ. ಕೋಬಾಲ್‌ನಲ್ಲಿ ಮೊತ್ತವನ್ನು ಶಿಲ್ಕಿಗೆ ಆ್ಯಡ್ ಮಾಡು ಎಂದರೆ ಶಿಲ್ಕು ಬದಲಾಗುತ್ತದೆ. ಬಿಗ್‌ಡೆಸಿಮಲ್ ಒಮ್ಮೆ ಸೃಷ್ಟಿಯಾದ ಮೇಲೆ ಬದಲಾಗುವುದೇ ಇಲ್ಲ. ಅದರ ಆ್ಯಡ್ ಮೆಥಡ್ ಹೊಸದೊಂದು ಸಂಖ್ಯೆಯನ್ನು ಕೈಗೆ ಕೊಡುತ್ತದೆ. ಆ ಉತ್ತರವನ್ನು ಹಿಡಿದುಕೊಳ್ಳದಿದ್ದರೆ ಕಂಪೈಲರ್ (ಪ್ರೋಗ್ರಾಂ ಅನ್ನು ಯಂತ್ರಕ್ಕೆ ಅನುವಾದಿಸುವ ಸಾಧನ) ದೋಷವೆಂದು ತಡೆಯುವುದಿಲ್ಲ, ಪ್ರೋಗ್ರಾಂ ಓಡುತ್ತದೆ, ಜಮೆ ಮಾತ್ರ ಆಗಿರುವುದಿಲ್ಲ. ಮೂರನೆಯದು ಹೋಲಿಕೆ: ಆಬ್ಜೆಕ್ಟ್‌ಗಳನ್ನು ಎರಡು ಸಮಚಿಹ್ನೆಗಳಿಂದ ಹೋಲಿಸಿದರೆ ಎರಡೂ ಒಂದೇ ಆಬ್ಜೆಕ್ಟೇ ಎಂದು ಕೇಳಿದಂತೆ; ಮೌಲ್ಯ ಒಂದೇ ಎಂದು ತಿಳಿಯಲು ಈಕ್ವಲ್ಸ್ ಬೇಕು. ಬಿಗ್‌ಡೆಸಿಮಲ್‌ನ ಈಕ್ವಲ್ಸ್‌ಗೆ 2.0 ಮತ್ತು 2.00 ಬೇರೆ ಬೇರೆ, ಏಕೆಂದರೆ ಅದು ದಶಮಾಂಶ ಸ್ಥಾನಗಳನ್ನೂ ನೋಡುತ್ತದೆ. ಹಣವನ್ನು ಹೋಲಿಸುವಾಗ ಕಂಪೇರ್‌ಟು ಬಳಸಿ.

ಎಲ್ಲವನ್ನೂ ಆಬ್ಜೆಕ್ಟ್ ಮಾಡಲೇಬೇಕೆಂಬ ಹಟ ಬೇಡ. ರಾತ್ರಿಯ ಬ್ಯಾಚ್‌ನಲ್ಲಿ ಫೈಲು ತೆರೆದು, ಒಂದೊಂದೇ ರೆಕಾರ್ಡ್ ಓದಿ, ತಿರಸ್ಕೃತವಾದದ್ದನ್ನು ಬೇರೆ ಮಾಡಿ, ಮೊತ್ತ ತಾಳೆ ನೋಡುವ ಕೆಲಸ ಸ್ವಭಾವತಃ ಸರಣಿಯೇ. ಅದರ ಮೇಲಿನ ಹಂತವನ್ನು ನೀವು ಕೋಬಾಲ್‌ನಲ್ಲಿ ಬರೆದಂತೆಯೇ ಓದಿಸಿಕೊಂಡು ಹೋಗುವಂತೆ ಬರೆಯಿರಿ. ನಿಯಮಗಳಿರುವ ಕಡೆ ಮಾತ್ರ ಆಬ್ಜೆಕ್ಟ್‌ಗಳು ದುಡಿಯಲಿ. ಇತರರ ಪ್ರೋಗ್ರಾಂ ಓದುವಾಗ ಹರಿವು ಕಾಣದಿರುವ ಕಷ್ಟಕ್ಕೂ ಒಂದು ಉಪಾಯವಿದೆ. ಮೊದಲು ಮೆಥಡ್‌ಗಳ ಒಳಗೆ ಇಳಿಯದೆ, ಪ್ರತಿ ಕ್ಲಾಸ್‌ಗೆ ಒಂದು ಸಣ್ಣ ಚೀಟಿ ತೆಗೆದುಕೊಂಡು ಅದರ ಹೆಸರು, ಅದು ಯಾವುದಕ್ಕೆ ಹೊಣೆ, ಆ ಹೊಣೆಗೆ ಯಾರ ನೆರವು ಕೇಳುತ್ತದೆ ಎಂಬ ಮೂರನ್ನಷ್ಟೇ ಬರೆಯಿರಿ. ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ 1989ರಲ್ಲಿ ಈ ಚೀಟಿ ಪದ್ಧತಿಯನ್ನು ಮಂಡಿಸಿದ್ದೇ ಕಲಿಸುವ ಸಾಧನವಾಗಿ. ಚೀಟಿಗಳನ್ನು ಮೇಜಿನ ಮೇಲೆ ಹರಡಿ, "ಗ್ರಾಹಕರು ಹಣ ತೆಗೆಯುತ್ತಾರೆ" ಎಂಬ ಒಂದು ಪ್ರಸಂಗವನ್ನು ಬೆರಳಿನಿಂದ ನಡೆಸಿ ನೋಡಿದರೆ ನಿಮಗೆ ಬೇಕಾದ ಹರಿವು ಅಲ್ಲೇ ಕಾಣಿಸುತ್ತದೆ. ಪ್ರೋಗ್ರಾಂ ಅನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುವ ಡಿಬಗರ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಯುವುದು ಅದರ ನಂತರ.

ಪೈಥಾನ್ ವಿಷಯ: ಒಳ್ಳೆಯ ಭಾಷೆ, ಆದರೆ ಈಗ ಬೇಡ. ಅದರಲ್ಲಿ ಕ್ಲಾಸ್ ಇಲ್ಲದೆಯೂ ನೆಮ್ಮದಿಯಾಗಿ ಬರೆಯಬಹುದು, ಪ್ರೈವೇಟ್ ಎಂಬುದನ್ನು ಭಾಷೆ ಕಟ್ಟುನಿಟ್ಟಾಗಿ ಕಾಯುವುದೂ ಇಲ್ಲ. ನೀವು ಕಲಿಯಬೇಕಾದ ಶಿಸ್ತನ್ನು ಅದು ನಿಮ್ಮಿಂದ ಕೇಳುವುದಿಲ್ಲ. ಜಾವಾದ ಕಂಪೈಲರ್ ಕೇಳುತ್ತದೆ. ನಿಮ್ಮ ಕೆಲಸವೂ ಅದರಲ್ಲೇ ಇದೆ.

ಈ ವಾರ ಹೀಗೆ ಮಾಡಿ. ಮೇಲೆ ಹೇಳಿದ ಉಳಿತಾಯ ಖಾತೆಯನ್ನು ಹಳೆಯ ಕನಿಷ್ಠ ಶಿಲ್ಕಿನ ನಿಯಮದೊಂದಿಗೆ ಜಾವಾದಲ್ಲಿ ಬರೆಯಿರಿ. ಜೊತೆಗೆ ಪಾಸ್‌ಬುಕ್ ಮುದ್ರಿಸುವ ಒಂದು ಕ್ಲಾಸ್, ಖಾತೆ ಮುಚ್ಚುವ ಒಂದು ಕ್ಲಾಸ್. ನಾನು ಕೊಟ್ಟ ಏಪ್ರಿಲ್ ಲೆಕ್ಕ 14.58 ಬರುತ್ತದೆಯೇ ಎಂದು ಪರೀಕ್ಷಿಸುವ, ಜೆಯೂನಿಟ್ ಎಂಬ ಜಾವಾ ಪರೀಕ್ಷಾ ಸಾಧನದಲ್ಲಿ ಬರೆದ ಒಂದು ಟೆಸ್ಟ್ ಕೂಡ ಇರಲಿ. ನಂತರ ನಿಯಮವನ್ನು ದಿನದ ಶಿಲ್ಕಿಗೆ ಬದಲಿಸಿ, ಟೆಸ್ಟ್‌ನ ನಿರೀಕ್ಷೆಯನ್ನು 130.89 ಮಾಡಿ, ಅದು ಪಾಸಾಗುವ ಹೊತ್ತಿಗೆ ಟೆಸ್ಟ್ ಬಿಟ್ಟು ಎಷ್ಟು ಫೈಲುಗಳನ್ನು ತಿದ್ದಬೇಕಾಯಿತು ಎಂದು ಎಣಿಸಿ. ಎರಡನೆಯ ಫೈಲನ್ನು ತೆರೆಯಬೇಕಾಗಿ ಬಂದಿದ್ದರೆ, ಬಡ್ಡಿಯ ಗುಟ್ಟು ಆ ಕ್ಲಾಸ್‌ಗೆ ಯಾವ ಗೆಟರ್ ಮೂಲಕ ತಿಳಿಯಿತು ಎಂದು ಹುಡುಕಿ, ಆ ಗೆಟರನ್ನು ಅಳಿಸಿ, ಮತ್ತೆ ಮೊದಲಿನಿಂದ ಮಾಡಿ.